ಕಾಕಾನ ಕಲ್ಲು ಕಳುವಾದದ್ದು

ಬಂಗಾರ ಕಳೆದುಕೊಂಡವರು ಪೊಲೀಸ್ ಠಾಣೆಗೆ ಹೋಗುತ್ತಾರೆ. ಮೊಬೈಲು, ಮೋಟಾರ್ ಸೈಕಲ್ಲು ಕಳೆದುಕೊಂಡವರೂ ಹೋಗುತ್ತಾರೆ. ಕಲ್ಲು ಕಳೆದುಕೊಂಡು ಹೋದವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಾಣುವುದೇನು ಬಂತು, ಅವನ ಹಿಂದೆ ಚಪ್ಪಲಿ ಎಳೆಯುತ್ತಾ ನಾನೂ ಹೋಗಿದ್ದೆ! ಅದು ವಜ್ರವಲ್ಲ, ಹವಳವಲ್ಲ, ದೇವರ ಮೂರ್ತಿಯೂ ಅಲ್ಲ. ಮನೆಯ ನೆಲಕ್ಕೆ ಹಾಸುತ್ತಾರಲ್ಲ, ಆ ತಾಂಡೂರಿನ ಕಲ್ಲು. ಅದಕ್ಕಾಗಿ ಕಣ್ಣಲ್ಲಿ ನೀರು ತಂದುಕೊಂಡ ಮಹಾನುಭಾವ ನನ್ನ ಕಾಕಾ.

ಕಾಕಾ ಅಂದರೆ ನಮ್ಮಪ್ಪನ ಕಡೆಯ ತಮ್ಮ. ನನಗಿಂತ ಬರೀ ಆರು ವರ್ಷಕ್ಕೆ ದೊಡ್ಡವನು. ಅವನಿಗೆ ನಾಲ್ಕು ವರ್ಷವಿದ್ದಾಗ ನಮ್ಮ ಅಜ್ಜಿ ತೀರಿಕೊಂಡಳು. ಆ ವರ್ಷವೇ ಮದುವೆಯಾಗಿ ಸಿರ್ಗಾಪುರಕ್ಕೆ ಬಂದ ನಮ್ಮವ್ವ, ಗಂಡನ ಮನೆಯ ಹೊಸ್ತಿಲು ದಾಟುವಷ್ಟರಲ್ಲೇ ಸೊಂಟಕ್ಕೊಂದು ಮೈದುನನನ್ನು ಏರಿಸಿಕೊಂಡಳಂತೆ. ಕಾಕಾನಿಗೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಸಲೀಸು. ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮ ಕಡೆ ಅದೇನು ದೊಡ್ಡ ವಿದ್ಯೆಯಲ್ಲ, ಎಮ್ಮೆ ಮಾರುವವನಿಗೂ ಬರುತ್ತದೆ. ಆದರೆ ಕಾಕಾನಿಗೆ ಸಿಟ್ಟೋ ಗಾಬರಿಯೋ ಆಯಿತೆಂದರೆ ಮೂರು ಭಾಷೆಯೂ ಒಂದೇ ವಾಕ್ಯದಲ್ಲಿ ನುಗ್ಗಿ ಬರುತ್ತಿದ್ದವು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹತ್ತನೇ ಪಾಸಾಗಿ ನಾನು ಡಿಪ್ಲೊಮಾ ಓದಲು ಜಹೀರಾಬಾದಿಗೆ ಬಂದಾಗ ಕಾಕಾ ಅಲ್ಲೇ ಡಿಗ್ರಿ ಮುಗಿಸಿ ಊರಿಗೆ ಮರಳುವವನಿದ್ದ. ನನಗೋ ಅನ್ನ ಒಗ್ಗದ ಹೊಟ್ಟೆ. ಜೋಳದ ರೊಟ್ಟಿ ಬೀಳದಿದ್ದರೆ ಮುಷ್ಕರ ಹೂಡುತ್ತಿತ್ತು. ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನ. ಒಂದೇ ತಿಂಗಳಲ್ಲಿ ಜ್ವರ ಹೊತ್ತುಕೊಂಡು ಊರಿಗೆ ಹೋಗಿ ಬಿದ್ದೆ. ನಮ್ಮವ್ವ ನನ್ನ ಪಕ್ಕೆಲುಬು ಎಣಿಸಿ, "ಸಾಲಿ ಸುಡಗಾಡಿಗೆ ಹೋಗ್ಲಿ. ಹುಡುಗ ಉಳದ್ರ ಸಾಕು. ಇಲ್ಲೇ ಇರ್ತಾನ" ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ನನ್ನ ಓದು ಮುಗಿಯಬೇಕಿತ್ತು.

ಅದೇ ವಾರ ಕಾಕಾ ಇಂಗ್ಲಿಷಿನಲ್ಲಿ ಫೇಲಾದ!

"ವೈನಿ, ಒಂದು ಪೇಪರ್ ಉಳದದ. ಮತ್ತ ಜಹೀರಾಬಾದ್‌ನಾಗೇ ಇರಬೇಕು. ಇವನೂ ನನ್ನ ಸಂಗಾಟ ಇರ್ಲಿ, ರೊಟ್ಟಿ ನಾ ಬಡಿತೀನಿ" ಎಂದ. ಮೈದುನ ಫೇಲಾದ ಸುದ್ದಿಗೆ ಒಳಗೊಳಗೇ ಹಿಗ್ಗಿದ ಅತ್ತಿಗೆ ನಮ್ಮ ತಾಲೂಕಿನಲ್ಲಿ ನಮ್ಮವ್ವ ಒಬ್ಬಳೇ ಇರಬೇಕು.

ಹೀಗೆ ನಮಗೊಂದು ಬಾಡಿಗೆ ಖೋಲಿ ಸಿಕ್ಕಿತು, ಮಾಳಿಗೆಯ ಮೇಲೆ. ಕೆಳಗೆ ಮಾಲಕರು. ತೆಲುಗಿನವರಾದರೂ ನಮ್ಮ ಜೊತೆ ನಮ್ಮದೇ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಬೈದದ್ದು ಎದುರಿನವನಿಗೆ ತಿಳಿಯದಿದ್ದರೆ ಬೈದು ಏನು ಸುಖ! ಮೊಳೆ ಹೊಡೆಯಬಾರದು, ನೆಂಟರು ಬರಬಾರದು, ನೀರು ಚೆಲ್ಲಬಾರದು ಎಂದು ಮೊದಲ ದಿನವೇ ಹೇಳಿದರು. ಕಾಕಾ ಕೈಕಟ್ಟಿ ಕೇಳಿ, "ಉಸಿರಾಡಬಹುದಲ್ರಿ?" ಎಂದು ವಿನಯದಿಂದ ವಿಚಾರಿಸಿದ.

ಆ ಕಲ್ಲು ಬಂದದ್ದು ಆಮೇಲೆ. ಕಾಕಾ ಮೊದಮೊದಲು ಸ್ಟೀಲಿನ ತಾಟಿನ ಮೇಲೆ ರೊಟ್ಟಿ ಬಡಿಯುತ್ತಿದ್ದ. ರೊಟ್ಟಿ ಒಂದು ಕಡೆ, ತಾಟು ಒಂದು ಕಡೆ, ಕಾಕಾ ಇನ್ನೊಂದು ಕಡೆ ಜಾರುತ್ತಿದ್ದ. ಬೇಸತ್ತು ತಾಂಡೂರಿಗೆ ಅವನ ಅಕ್ಕನ ಮನೆಗೆ, ಅಂದರೆ ನನ್ನ ಸೋದರತ್ತೆಯ ಮನೆಗೆ ಹೋದ. ಅಲ್ಲಿ ಮಾವನದು ಕಲ್ಲು ಪಾಲಿಶ್ ಮಾಡುವ ಕಸುಬು. ಎರಡೂವರೆ ಗೇಣು ಉದ್ದ, ಅಷ್ಟೇ ಅಗಲದ ನುಣ್ಣನೆಯ ಚಪ್ಪಡಿ ಆರಿಸಿಕೊಂಡು ಬಸ್ಸು ಹತ್ತಿ, ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ ತಾನು ಈಚೆ ಕೂತ. ಕಂಡಕ್ಟರ್ ಬಂದು, "ಇದು ಲಗೇಜೋ ಪ್ಯಾಸೆಂಜರೋ?" ಎಂದ. ಮುದುಕಿಯೊಬ್ಬಳು ನಿಂತಿದ್ದಳು, ಕಲ್ಲು ಕೂತಿತ್ತು! ಕಾಕಾ ಎದ್ದು, "ಬಾ ಆಯಿ, ಕಲ್ಲಿನ ಮ್ಯಾಲೇ ಕೂಡು. ಬ್ಯಾಸಗಿ ಅದ, ಥಣ್ಣಗ ಆಗ್ತದ" ಎಂದು ಕರೆದ. ಮುದುಕಿ ಜಹೀರಾಬಾದಿನವರೆಗೂ ಅದರ ಮೇಲೆ ಕೂತು ಬಂದಳು. ಇಳಿಯುವಾಗ ಕಾಕಾನಿಗೆ ನೂರು ವರ್ಷ ಬಾಳೆಂದು ಹರಸಿದಳಂತೆ.

ಮರುದಿನ ಬೆಳಿಗ್ಗೆ ಐದೂವರೆಗೆ ಶುರುವಾಯಿತು ನೋಡಿ, ಧಪ್ ಧಪ್ ಧಪ್! ಮಾಲಕರು ಬನಿಯನ್ನಿನಲ್ಲೇ ಮೇಲೆ ಬಂದರು.

"ಏನು ತಮ್ಮಾ, ನನ್ನ ತಲಿ ಮ್ಯಾಲ ಡೊಳ್ಳು ಬಡದಂಗ ಆಗ್ಲತ್ತದ!"

"ರೊಟ್ಟಿ ಬಡೀದ ಆಗ್ತದೇನ್ರಿ? ತಾನೇ ಉಬ್ಬಾಕ ಇದೇನು ಪುರಿನೇನ್ರಿ?"

ಈ ವಾದ ಮೂರು ವರ್ಷ ನಡೆಯಿತು. ಖಾಲಿ ಮಾಡಿ ಎಂದು ಅವರು ತಿಂಗಳಿಗೊಮ್ಮೆ ಹೇಳುವರು, ಆಗಲಿ ಎಂದು ಕಾಕಾ ತಿಂಗಳಿಗೊಮ್ಮೆ ತಲೆಯಾಡಿಸುವನು. ಒಂದು ಸಲ ಕಾಕಾನಿಗೆ ಮೈ ಬಿಸಿಯಾಗಿ ರೊಟ್ಟಿ ಬಡಿಯಲಿಲ್ಲ. ಎಂಟು ಗಂಟೆಗೆ ಮಾಲಕರು ಕಣ್ಣುಜ್ಜಿಕೊಳ್ಳುತ್ತಾ ಬಂದರು. "ಇವತ್ತ್ಯಾಕ ಬಡೀಲಿಲ್ಲ ನೀವು? ನನ್ನ ನಾರಾಯಣಖೇಡ್ ಬಸ್ ಹೋತು!" ಎಂದು ಅದಕ್ಕೂ ಜಗಳ ತೆಗೆದರು.

ಆ ಕಲ್ಲಿನ ವಿಷಯದಲ್ಲಿ ಕಾಕಾನದೊಂದು ಹುಚ್ಚಿತ್ತು. ಅದನ್ನು ನಾನು ಮುಟ್ಟುವಂತಿಲ್ಲ. ಕಸ ಗುಡಿಸುವಾಗಲೂ ಅದರ ಸುತ್ತ ಪ್ರದಕ್ಷಿಣೆ ಹಾಕಬೇಕು. "ಎತ್ತಬ್ಯಾಡ, ಸರಿಸಬ್ಯಾಡ. ನೆಲ ಕುಂತ ಕಲ್ಲು ಅದು" ಎನ್ನುತ್ತಿದ್ದ. ಇನ್ನೊಂದು ವಿಚಿತ್ರ, ಅವನು ನನ್ನ ಜೊತೆ ಉಣ್ಣಲು ಕೂರುತ್ತಿರಲಿಲ್ಲ. "ನಂದು ಆಗ್ಯಾದ, ನೀ ತಿನ್ನು" ಎಂದು ಬಿಸಿ ರೊಟ್ಟಿ ಒಂದರ ಮೇಲೊಂದು ಹಾಕುವನು. ಹೊತ್ತಿಗೂ ಮುಂಚೆ ಉಂಡುಬಿಡುವ ಹೊಟ್ಟೆಬಾಕ ಎಂದೇ ನಾನು ತಿಳಿದಿದ್ದೆ.

ವರ್ಷಕ್ಕೆರಡು ಸಲ ಕಾಕಾ ಇಂಗ್ಲಿಷ್ ಪೇಪರ್ ಬರೆಯಲು ಹೋಗುವನು, ವರ್ಷಕ್ಕೆರಡು ಸಲ ಫೇಲಾಗುವನು. ಊರಲ್ಲಿ ಅವನಿಗೆ 'ಇಂಗ್ಲಿಷ್ ಕಾಕಾ' ಎಂದೇ ಹೆಸರು ಬಿತ್ತು. ನಾರಾಯಣಖೇಡದಿಂದ ಒಂದು ಒಳ್ಳೆಯ ಸಂಬಂಧ ಬಂತು. "ಹುಡುಗ ಏನ್ ಮಾಡ್ತಾನ್ರಿ?" ಎಂದರು ಹೆಣ್ಣಿನ ಕಡೆಯವರು. "ಇಂಗ್ಲಿಷ್ ಪರೀಕ್ಷಾ ಬರೀತಾನ್ರಿ" ಎಂದರು ನಮ್ಮಪ್ಪ. "ಎಷ್ಟನೇ ಸಲ?" ಎಂದು ಕೇಳಿದವರು ಚಹಾ ಕುಡಿದು ಹೋದರು, ಮತ್ತೆ ಬರಲಿಲ್ಲ. ಊರೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ನನ್ನ ಕೊನೆಯ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಊರಿಗೆ ಎರಡು ದಿನ ಹೋಗಿ ಬಂದು ಖೋಲಿಯ ಕೀಲಿ ತೆಗೆದೆವು. ಕುಕ್ಕರ್ ಇದೆ, ಗಡಿಯಾರ ಇದೆ, ನನ್ನ ಪುಸ್ತಕಗಳು ಎಂದಿನಂತೆ ಧೂಳು ತಿನ್ನುತ್ತಿವೆ. ಕಲ್ಲು ಮಾತ್ರ ಇಲ್ಲ! ಬೀಗ ತೆಗೆದು, ಗಡಿಯಾರ ಬಿಟ್ಟು ಕಲ್ಲು ಹೊತ್ತುಕೊಂಡು, ಮತ್ತೆ ಜೋಪಾನವಾಗಿ ಬೀಗ ಹಾಕಿಹೋದ ಕಳ್ಳ! ನಾನು ಹೊಟ್ಟೆ ಹಿಡಿದು ನಕ್ಕೆ. ತಿರುಗಿ ನೋಡಿದರೆ ಕಾಕಾನ ಮುಖ ಬೆಳ್ಳಗಾಗಿತ್ತು. ಕೆಳಗೆ ಮಾಲಕರ ಮನೆಗೂ ಬೀಗ. ಕಾಕಾ ಕಣ್ಣೊರೆಸಿಕೊಂಡು ಠಾಣೆಯ ಹಾದಿ ಹಿಡಿದ.

ಅಲ್ಲಿ ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಕೂತಿದ್ದರು. ಮಾತುಕತೆ ನಡೆದದ್ದು ತೆಲುಗಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ, ಒಂದೇ ಒಂದು ಶಬ್ದ ಬಿಟ್ಟು. ತೆಲುಗಿನಲ್ಲಿ ಕಲ್ಲಿಗೆ 'ಬಂಡ' ಎನ್ನಬೇಕು. ಗಾಬರಿಯಲ್ಲಿ ಕಾಕಾ ನಮ್ಮ ಕನ್ನಡದ 'ಕಲ್ಲು' ಎಂದುಬಿಟ್ಟ. ತೆಲುಗಿನಲ್ಲಿ 'ಕಲ್ಲು' ಎಂದರೆ ಹೆಂಡ!

"ಸಾಬ್, ನಮ್ಮ ಖೋಲಿಯಾಗಿನ ಕಲ್ಲು ಯಾರೋ ಕದ್ದೊಯ್ದಾರ."

ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟರು. "ಖೋಲಿಯಾಗ ಕಲ್ಲು ಇಟ್ಟಿದ್ರ್ಯಾ? ಎಷ್ಟಿತ್ತು?"

"ದೊಡ್ಡದಿತ್ತು ಸಾಬ್. ಎತ್ತಾಕ ಇಬ್ರು ಬೇಕು."

"ಎಲ್ಲಿಂದ ತಂದ್ರಿ?"

"ತಾಂಡೂರದಿಂದ. ನಮ್ಮ ಅಕ್ಕನೇ ಕೊಟ್ಟಾಳ. ನಮ್ಮ ಭಾವಂದು ಅದೇ ಧಂದಾ."

"ಓದೋ ಹುಡುಗ್ರಿಗೆ ಅದ್ಯಾಕ ಬೇಕು?"

"ಹಂಗಂದ್ರ ಹ್ಯಾಂಗ ಸಾಬ್! ದಿನಾ ಮುಂಜಾನಿ ಐದೂವರಿಗೆ ಬೇಕೇ ಬೇಕು. ಅದಿಲ್ಲಂದ್ರ ನಮ್ಮ ಹುಡುಗನ ಹೊಟ್ಟಿ ತುಂಬಂಗಿಲ್ಲ, ಕಾಲೇಜಿಗೆ ಹೋಗಂಗಿಲ್ಲ."

ಕಾನ್‌ಸ್ಟೇಬಲ್ ಎದ್ದು ಬಂದು ನನ್ನ ಬಾಯಿ ಮೂಸಿ ನೋಡಿದರು. ನಾನು ಕಾಕಾನ ಅಂಗಿ ಜಗ್ಗಿದೆ. ಜಗ್ಗಿದಷ್ಟೂ ಅವನು ಅಕ್ಕನ ಔದಾರ್ಯ ವರ್ಣಿಸಿದ. ಕೊನೆಗೆ ಅವರು ಟೊಪ್ಪಿಗೆ ಏರಿಸಿ, "ನಡೀರಿ, ಜಾಗ ತೋರ್ಸಿ" ಎಂದರು.

ಅಷ್ಟರಲ್ಲಿ ಮಾಲಕರು ಮಗಳ ಊರಿನಿಂದ ಮರಳಿದ್ದರು. ಬಾಗಿಲಲ್ಲೇ ಕಾನ್‌ಸ್ಟೇಬಲ್ ಬಾಯಿಂದ 'ಕಲ್ಲು' ಎಂಬ ಮಾತು ಅವರ ಕಿವಿಗೆ ಬಿತ್ತು. "ನನ್ನ ಮನ್ಯಾಗ ಕುಡೀತೀರಾ? ಇವತ್ತೇ ಖಾಲಿ ಮಾಡ್ರಿ!" ಎಂದು ಅಬ್ಬರಿಸಿದರು. ಈ ಸಲದ ಮಾತು ತಿಂಗಳ ಮಾತಿನಂತಿರಲಿಲ್ಲ. ಒಂಬತ್ತೇ ದಿನದಲ್ಲಿ ಪರೀಕ್ಷೆ. ಗಂಟುಮೂಟೆ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಕಾಕಾ ನೆಲ ತೋರಿಸಿದ. "ಇಲ್ಲೇ ಇತ್ತು ಸಾಬ್." ಧೂಳಿನ ನಡುವೆ ಚೌಕಾಕಾರದ ಸ್ವಚ್ಛ ಗುರುತು. ಕಾನ್‌ಸ್ಟೇಬಲ್ ಬಗ್ಗಿ ನೋಡಿದರು. ಹೆಂಡದ ಗಡಿಗೆ ಯಾವೂರಲ್ಲಿ ಚೌಕಾಕಾರ ಇರುತ್ತದೆ?

ನಾನು ಗಂಟಲು ಹರಿಯುವಂತೆ ಕೂಗಿದೆ, "ಬಂಡ ಸಾಬ್, ಬಂಡ! ರೊಟ್ಟಿ ಬಡಿಯೋ ಬಂಡ!"

ಅವರು ಅಲ್ಲೇ ಹೊಸ್ತಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಾಲಕರು ನಗಲಿಲ್ಲ. ಅವರ ಕಣ್ಣು ಮೇಲಿನ ನೀರಿನ ಟಾಕಿಯ ಕಡೆ ಹೋಯಿತು. ಟಾಕಿಯ ಮುಚ್ಚಳ ಒಡೆದಿತ್ತಂತೆ. ಮಂಗಗಳು ಇಳಿದು ನೀರಾಡುತ್ತಿದ್ದವಂತೆ. ತಮ್ಮ ಹತ್ತಿರವಿದ್ದ ಇನ್ನೊಂದು ಚಾವಿಯಿಂದ ಖೋಲಿ ತೆಗೆದು, ಆಳೊಬ್ಬನ ಜೊತೆ ಕಲ್ಲನ್ನು ಹಾಗೇ ಒಯ್ದು ಮುಚ್ಚಿದ್ದಾರೆ!

"ನನ್ನ ಮಾಳಿಗಿ ಮ್ಯಾಲಿನ ಕಲ್ಲು ನಂದೇ" ಎಂದರು, ದನಿ ತಗ್ಗಿಸದೆ.

"ಇದು ನಿಂದು ಅನ್ನಾಕ ಗುರುತೇನದ?" ಎಂದು ಕಾನ್‌ಸ್ಟೇಬಲ್ ಕಾಕಾನನ್ನು ಕೇಳಿದರು.

"ತಳಕ್ಕ..." ಎಂದು ಶುರು ಮಾಡಿದ ಕಾಕಾ ನನ್ನ ಮುಖ ನೋಡಿ ತಟ್ಟನೆ ನಿಂತ. ಆಮೇಲೆ ಅವನು ಆಡಿದ ಮಾತು ನನಗೆ ನಂಬಲಾಗಲಿಲ್ಲ. "ಇರ್ಲಿ ಬಿಡ್ರಿ. ಕಲ್ಲು ಮಾಲಕರದೇ."

ಮೂರು ವರ್ಷದಲ್ಲಿ ಒಂದು ವಾದವನ್ನೂ ಸೋಲದವನು! ಪೊಲೀಸರಿಗೆ ಅನುಮಾನ ಬರದೆ ಇರುತ್ತದೆಯೇ? ನಮ್ಮನ್ನೂ ಕರೆದುಕೊಂಡು ಏಣಿ ಹತ್ತಿ, ಮಾಲಕರ ಜೊತೆ ಸೇರಿ ಕಲ್ಲು ಮಗುಚಿದರು. ತಳಕ್ಕೆ ಗಮ್ ಟೇಪಿನಿಂದ ಅಂಟಿಸಿದ ಪ್ಲಾಸ್ಟಿಕ್ ಚೀಲ. ಅದರೊಳಗೆ ಕಾಕಾನ ಅಂಕಪಟ್ಟಿ. ನಾನು ಜಹೀರಾಬಾದಿಗೆ ಬಂದ ವರ್ಷದ್ದು. ಎಲ್ಲಾ ವಿಷಯದಲ್ಲೂ ಪಾಸು. ಇಂಗ್ಲಿಷಿನಲ್ಲೂ!

"ಫೇಲಾಗಿದ್ದು ಬಚ್ಚಿಡೋರ್ನ ಭಾಳ ನೋಡೀನಿ. ಪಾಸಾಗಿದ್ದು ಬಚ್ಚಿಟ್ಟವ ನೀ ಒಬ್ಬನೇ ನೋಡು" ಎಂದರು ಕಾನ್‌ಸ್ಟೇಬಲ್.

ದಿನಾ ಟ್ಯೂಶನ್ನಿಗೆಂದು ಹೋಗುತ್ತಿದ್ದ ಕಾಕಾ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಪರೀಕ್ಷೆಯ ದಿನಗಳಲ್ಲೂ ಅಲ್ಲೇ. "ಯಾಕ ಕಾಕಾ?" ಎಂದೆ. ಅವನು ಕಲ್ಲಿನ ಅಂಚು ಸವರುತ್ತಾ ನೆಲ ನೋಡುತ್ತಲೇ ಹೇಳಿದ.

"ಪಾಸಾಗೀನಿ ಅಂದಿದ್ರ ಮನ್ಯಾಗ ಇಲ್ಲಿ ಇರಾಕ ಬಿಡ್ತಿದ್ರೇನು? ನಿನ್ನ ಸಾಲಿ ಬಿಡಸ್ತಿದ್ರು. ನಿಮ್ಮವ್ವ ನನಗ ಹದಿನಾಲ್ಕು ವರ್ಷ ರೊಟ್ಟಿ ಬಡದು ಹಾಕ್ಯಾಳ. ನಾ ನಿನಗ ಮೂರು ವರ್ಷ ಬಡದ್ರ ಏನಾತು?"

ಮಾಲಕರು ತಾವೇ ಕಲ್ಲಿನ ಒಂದು ತುದಿ ಹಿಡಿದು ಏಣಿ ಇಳಿಸಿದರು. ಹೋಗುವಾಗ ಗೋಣಿಚೀಲವೊಂದನ್ನು ತಂದು ಕೊಟ್ಟು, "ಇದರ ಮ್ಯಾಲ ಇಟ್ಟು ಬಡಿ. ಐದೂವರಿಗೆ ಮರೀಬ್ಯಾಡ" ಎಂದರು.

ಈಗ ಕಾಕಾ ತಾಂಡೂರಿನಲ್ಲಿ ತನ್ನದೇ ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾನೆ. ನನಗೆ ನಾರಾಯಣಖೇಡದಲ್ಲಿ ನೌಕರಿ. ರೊಟ್ಟಿ ಬಡಿಯುವ ಸದ್ದು ಎಲ್ಲಿಯೇ ಕೇಳಲಿ, ಆ ಮರುದಿನದ ಬೆಳಗು ನನ್ನ ಕಣ್ಣ ಮುಂದೆ ಬರುತ್ತದೆ.

ಐದೂವರೆಗೆ ಧಪ್ ಧಪ್ ಕೇಳಿ ಎದ್ದೆ. ಎಂದಿನಂತೆ ಹೊರಳಿ ಮಲಗದೆ ಹೋಗಿ ಅವನ ಎದುರು ಕೂತೆ. ಮೂರು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ ಮಾತು ಬಾಯಿಗೆ ಬಂತು.

"ಕಾಕಾ, ನೀ ಉಂಡಿಯೇನು?"

ಅವನ ಕೈ ನಿಂತಿತು. ತಲೆ ಎತ್ತಲಿಲ್ಲ. "ಹಂಗೆಲ್ಲ ಕೇಳಬ್ಯಾಡಲೇ, ರೊಟ್ಟಿ ಹರೀತದ" ಎಂದ.

ಹರಿದೇ ಹೋಯಿತು. ಆ ಹರಿದ ರೊಟ್ಟಿಯನ್ನೇ ಬೇಯಿಸಿ, ಮೊದಲ ಸಲ ಒಂದೇ ತಾಟಿನಲ್ಲಿ ಇಬ್ಬರೂ ಉಂಡೆವು.