ಅಂಬಾಸಡರ್ ಖುರ್ದ ಗ್ರಾಮದ ಸ್ಥಳಾಂತರ

ಭೂಕಂಪವಾಗಿ ಒಂದೂವರೆ ವರ್ಷಕ್ಕೆ, ಒಂದು ಸೋಮವಾರ ಬೆಳಿಗ್ಗೆ, ಉಮರ್ಗಾದ ನಿವಾಸಿ ಕಾಶೆಪ್ಪನವರು ಸ್ವಸ್ಥಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ ತಮ್ಮ ಬಿಳಿ ಅಂಬಾಸಡರ್ ಕಾರಿನ ಟಾಪ್ ಕೊಯ್ಸಿದರು. ಟಾಪು ಸೋರುತ್ತಿರಲಿಲ್ಲ, ತುಕ್ಕು ಹಿಡಿದಿರಲಿಲ್ಲ. ಅದು ತಲೆಯ ಮೇಲೆ ಇತ್ತು, ಅಷ್ಟೇ ಅದರ ತಪ್ಪು.

ಅವರ ಹೆಂಡತಿ ಕಲ್ಯಾಣಮ್ಮ ಭೂಕಂಪದ ದಿನ ನಸುಕಿನಲ್ಲಿ ನೀರು ಕುಡಿಯಲು ಅಂಗಳಕ್ಕೆ ಬಂದದ್ದೇ ತಡ, ಬೆನ್ನ ಹಿಂದೆ ಮಣ್ಣಿನ ಮಾಳಿಗೆ ಪೂರಾ ಕುಸಿದು ಕೂತಿತ್ತು. ಅಂದಿನಿಂದ ಆಕೆ ಯಾವ ಛಾವಣಿಯ ಕೆಳಗೂ ಕಾಲಿಟ್ಟವಳಲ್ಲ. ಬೇವಿನ ಗಿಡದ ಬುಡಕ್ಕೆ ಮಲಗಲು ಹೊರಸು. ಮಳೆ ಬಂದರೆ ಛತ್ರಿ.

"ಛತ್ರಿ ನನ್ನ ಕೈಯಾಗಿರ್ತದ. ಬೀಳೂದಿದ್ರ ನನ್ನ ಕೇಳಿ ಬೀಳ್ತದ" ಎಂಬುದು ಆಕೆಯ ವಾದ.

ಹೀಗಿರಲು ಮಗಳು ಜಯಮಾಲಾ ಉದಗೀರದ ಗಂಡನ ಮನೆಯಲ್ಲೇ ಹೆಣ್ಣು ಕೂಸು ಹಡೆದಳು. ತವರಿನಲ್ಲಿ ಬಾಣಂತನ ಮಾಡಲು ತವರಿಗೆ ಗೋಡೆಗಳು ಬೇಕಲ್ಲ! ಆಕೆಯ ಅತ್ತೆ ರಂಭಾಬಾಯಿ ಹೇಳಿ ಕಳಿಸಿದರು: ತಾಯಿಯ ತಾಯಿ ಬಂದು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಕುರ್ರ್ ಅನ್ನುವ ತನಕ ಕೂಸಿಗೆ ಹೆಸರಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಮಂದಿಯನ್ನು ನಾವು ಕಂಡಿದ್ದೇವೆ. ಇಲ್ಲಿ ನಾಲ್ಕು ತಿಂಗಳಿಗೆ ಎರಡು ಕುಲಾವಿ ಸಣ್ಣವಾದವು, ಹೆಸರು ಮಾತ್ರ ಬರಲಿಲ್ಲ.

"ನನ್ನ ಮೊಮ್ಮಗಳಿಗಿ ಇನ್ನಾ 'ಏ ಕೂಸ, ಏ ಕೂಸ' ಅಂತ ಕರೀತಾರಂತ್ರೀ" ಎಂದು ಕಲ್ಯಾಣಮ್ಮ ಸೆರಗು ಬಾಯಿಗೆ ಒತ್ತಿಕೊಂಡಾಗ ಕಾಶೆಪ್ಪನವರು ಹೊರಸಿನ ತುದಿಗೆ ಬಂದು ಕೂತರು.

"ಟ್ರಾಕ್ಟರ್ ಟ್ರಾಲಿಯಾಗ ಹೋಗೂಣೇನ? ಅದಕ್ಕ ಟಾಪ್ ಇಲ್ಲ."

"ಜ್ವಾಳದ ಚೀಲದಂಗ ಬೀಗರ ಬಾಗಲಿಗಿ ಹೋಗಿ ಇಳೀಲೇನು? ನಾಚಿಕಿ ಬರೂದಿಲ್ಲೇನ್ರೀ ನಿಮಗ?"

ಆದ್ದರಿಂದಲೇ ಕಾರಿನ ಟಾಪ್ ಹೋಯಿತು. ಕೊಯ್ದ ವೆಲ್ಡಿಂಗಿನ ಗುರುಶಾಂತ ಮೊದಲೇ ಎಚ್ಚರಿಸಿದ್ದ: "ಕಾಕಾ, ಟಾಪ್ ತಗದ್ರ ಗಾಡಿ ನಡಾ ಹಿಡಕೋತದ್ರಿ." ಹಾಗೇ ಆಯಿತು. ನಡು ಜಗ್ಗಿ, ನಾಲ್ಕೂ ಬಾಗಿಲು ತೆರೆದವು ಮತ್ತೆ ಮುಚ್ಚಲಿಲ್ಲ. ಅವನು ತಳಕ್ಕೆ ಎರಡು ಕಬ್ಬಿಣದ ಅಂಗಲ್ ಬೆಸೆದು, ಬಾಗಿಲುಗಳನ್ನು ನೂಲಿನ ಹಗ್ಗದಿಂದ ಕಟ್ಟಿಕೊಟ್ಟ. ಕಲ್ಯಾಣಮ್ಮ ಇಲಕಲ್ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತು, ಮೇಲೆ ನೋಡಿ, ಆಕಾಶ ಇದ್ದದ್ದನ್ನು ಖಾತ್ರಿ ಮಾಡಿಕೊಂಡು, "ಹೂಂ, ನಡೀರಿ" ಎಂದಳು. ಕಾಶೆಪ್ಪನವರಿಗೆ ಆ ಹೊತ್ತು ಮದುವೆಯ ದಿನಕ್ಕಿಂತ ಹೆಚ್ಚು ಖುಷಿಯಾಯಿತು.

ನಿಲಂಗಾದ ಹೊರಗೆ ರಸ್ತೆಯ ಬದಿಗೆ ಮೇಜು ಹಾಕಿಕೊಂಡು ಛಾವಣಿ ತಪಾಸಣಾ ಕಚೇರಿಯ ಉಮಾಕಾಂತ ಸಾಹೇಬರು ಕೂತಿದ್ದರು. ಛಾವಣಿ ಇಲ್ಲದ್ದನ್ನು ಹುಡುಕಿಕೊಂಡು ಅವರು ಹೋಗುವುದು ವಾಡಿಕೆ; ಅದೇ ಅವರನ್ನು ಹುಡುಕಿಕೊಂಡು ಬಂದದ್ದು ಇದೇ ಮೊದಲು. ಕೈ ಅಡ್ಡ ಮಾಡಿದರು.

"ಛಾವಣಿ ಎಲ್ಲಿ?"

"ತಗಸೀನ್ರೀ ಸಾಹೇಬ."

"ಛಾವಣಿ ತಗಸೂದಕ್ಕ ಫಾರ್ಮ್ ಇಲ್ಲ. ಬಿದ್ದದ್ದಕ್ಕ ಅದ. ಬಿತ್ತಂತ ಬರೀಲೇನು?"

ಉದಗೀರ ಮುಟ್ಟುವ ಅವಸರದಲ್ಲಿದ್ದ ಕಾಶೆಪ್ಪನವರು "ಬರೀರಿ" ಎಂದು ಸಹಿ ಹಾಕಿದರು. ಸಾಹೇಬರು ಹಳದಿ ಪೇಂಟಿನಲ್ಲಿ ಕಾರಿನ ಬಾಗಿಲ ಮೇಲೆ ಮನೆ ನಂಬರ್ ಬರೆದರು.

"ಇದು ಗಾಡಿರೀ, ಮನಿ ಅಲ್ಲ!"

ಸಾಹೇಬರು ನಿಯಮ ಹದಿನಾಲ್ಕು ಓದಿದರು: ಯಾವುದಕ್ಕೆ ಬಾಗಿಲುಗಳಿದ್ದು, ಛಾವಣಿ ಇಲ್ಲದೆ, ಒಳಗೆ ಗಂಡ ಹೆಂಡತಿ ಕೂತಿರುತ್ತಾರೋ ಅದು ಭೂಕಂಪದಲ್ಲಿ ಬಿದ್ದ ಮನೆ.

"ಮನಿಗಿ ಗಾಲಿ ಇರ್ತಾವೇನ್ರೀ?"

"ಇರಬಾರದಂತ ಎಲ್ಲದ, ತೋರಸ್ರಿ." ನಿಯಮದಲ್ಲಿ ಹಾಗೆ ಎಲ್ಲೂ ಇರಲಿಲ್ಲ. "ಮತ್ತ ಮನಿ ಜಾಗಾ ಬಿಟ್ಟು ಹೋಗೂ ಹಂಗಿಲ್ಲ. ಹೋದ್ರ ನಾ ತಪಾಸಣಿ ಯಾವುದರದು ಮಾಡ್ಲಿ?"

ಹೀಗೆ ಕಾರು ಕಚೇರಿಯ ಆವರಣದಲ್ಲಿ ನಿಂತಿತು. ಕಾಶೆಪ್ಪನವರು ಅರ್ಜಿ ಕೊಟ್ಟರು, ಕೈಮುಗಿದರು, ಕೊನೆಗೆ ಮರಾಠಿಯಲ್ಲಿ ಬೈದರು. ಒಂಬತ್ತು ದಿನ ಹೋದವು. ಉದಗೀರ ಇನ್ನೂ ಐವತ್ತರವತ್ತು ಕಿಲೋಮೀಟರ್ ದೂರವೇ ಇತ್ತು, ಕೂಸಿಗೆ ಹೆಸರಿರಲಿಲ್ಲ. ಕಲ್ಯಾಣಮ್ಮ ಛತ್ರಿ ಹಿಡಿದು ಸೀಟಿನ ಮೇಲೆ ಉದಗೀರದ ದಾರಿ ನೋಡುತ್ತ ಕೂತಿರುತ್ತಿದ್ದಳು. ಆಕೆ ಬೈದಿದ್ದರೆ ಕಾಶೆಪ್ಪನವರು ತಡೆದುಕೊಳ್ಳುತ್ತಿದ್ದರು.

ಹತ್ತನೆಯ ದಿನ ಅದನ್ನು ನೋಡಲಾರದೆ ಸಾಹೇಬರೇ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು:

"ಕಾಶೆಪ್ಪಣ್ಣ, ಮನಿ ಹೋಗೂ ಹಂಗಿಲ್ಲ. ಆದ್ರ ಊರು ಹೋಗಬಹುದು. ಪೂರಾ ಊರಿಗಿ ಊರ ಎತ್ತಿ ಬ್ಯಾರೆ ಕಡಿ ಇಟ್ಟೀವಿ ನಾವು. ನೀವು ಊರ ಆಗಿಬಿಡ್ರಿ."

ಕಾಶೆಪ್ಪನವರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಒಂಬತ್ತು ದಿನ ಕಚೇರಿಯ ಆವರಣದಲ್ಲಿದ್ದವರಿಗೆ ಕಾಣುವುದಿಲ್ಲ.

ಪಂಚನಾಮೆ ಅಲ್ಲಿಯೇ ನಡೆಯಿತು. ಜನಸಂಖ್ಯೆ: ಎರಡು. ನೀರಿನ ಸೌಕರ್ಯ: ರೇಡಿಯೇಟರ್. ದೇವಸ್ಥಾನ: ಸ್ಟೇರಿಂಗಿನ ಮುಂದೆ ಅಂಟಿಸಿದ ಬಸವಣ್ಣ. ವಿದ್ಯುತ್: ಇದೆ, ಎಡಗಡೆಯ ದೀಪ ಹತ್ತುವುದಿಲ್ಲ, ಇದು ಎಲ್ಲ ಗ್ರಾಮಗಳಂತೆ. ಸರಪಂಚ ಸ್ಥಾನ ಈ ಸಲ ಹೆಣ್ಣುಮಕ್ಕಳಿಗೆ ಮೀಸಲಾದ್ದರಿಂದ ಕಲ್ಯಾಣಮ್ಮ ಅವಿರೋಧವಾಗಿ ಆರಿಸಿ ಬಂದಳು.

"ಊರ ಹೆಸರು?"

"ಅಂಬಾಸಡರ್ ಅಂತ ಬರೀರಿ."

"ಬುದ್ರುಕೋ, ಖುರ್ದೋ? ದೊಡ್ಡದೋ, ಸಣ್ಣದೋ?"

ಕಾಶೆಪ್ಪನವರು ಕಾರಿನ ಹಿಂದೆ ಮುಂದೆ ನೋಡಿದರು. "ಸಣ್ಣದದರೀ. ಖುರ್ದ ಬರೀರಿ."

ಪ್ರಕಟಣೆ ಹೊರಟಿತು: ಅಂಬಾಸಡರ್ ಖುರ್ದ ಗ್ರಾಮವನ್ನು ಸುರಕ್ಷತೆಯ ದೃಷ್ಟಿಯಿಂದ ಉದಗೀರಕ್ಕೆ ಸ್ಥಳಾಂತರಿಸಲಾಗುತ್ತಿದೆ, ಗ್ರಾಮ ಹಾದುಹೋಗುವಾಗ ದನಕರುಗಳನ್ನು ರಸ್ತೆಯಿಂದ ಬದಿಗೆ ಕಟ್ಟತಕ್ಕದ್ದು. ಸಾಹೇಬರು ಸ್ಕೂಟರಿನ ಮೇಲೆ ಮುಂದೆ, ಊರು ಹಿಂದೆ. ದಾರಿಯ ಹಳ್ಳಿಗಳಲ್ಲಿ ಜನ ನಿಂತು ನೋಡಿದರು. ಒಬ್ಬ ಮುದುಕ ಮಾತ್ರ "ಯಾವ ಊರು ಹೊಂಟದಪಾ ಇದು?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, "ಛಲೋ ಆತು. ನಮ್ಮೂರ ಫಾಯಿಲ್ ಇನ್ನಾ ಮ್ಯಾಲಿಂದ ಇಳದಿಲ್ಲ" ಎಂದ.

ಉದಗೀರದಲ್ಲಿ ರಂಭಾಬಾಯಿ ತಂಬಿಗೆ ನೀರು ಹಿಡಿದು ಬಾಗಿಲಿಗೆ ಬಂದರು. "ಬರ್ರಿ ಬೀಗತಿ, ಒಳಗ ಬರ್ರಿ" ಎಂದವರು, ಕಲ್ಯಾಣಮ್ಮ ಬಾಗಿಲಿನ ಮೇಲಿನ ತೊಲೆಯನ್ನೇ ನೋಡುತ್ತಿದ್ದುದನ್ನು ಕಂಡು ತಂಬಿಗೆ ಕೆಳಗಿಟ್ಟರು. ಆಮೇಲೆ ಒಳಗೆ ಹೋಗಿ ತೊಟ್ಟಿಲನ್ನು ತಾವೇ ಹೊತ್ತು ತಂದು ಹಿಂದಿನ ಸೀಟಿನ ಮೇಲೆ ಇಟ್ಟರು. ಜಯಮಾಲಾ ಕೂಸನ್ನು ತಾಯಿಯ ಕೈಗೆ ಕೊಟ್ಟಳು. ಕೊಡುವಾಗ ತಾಯಿ ಮಗಳಿಬ್ಬರೂ ಅತ್ತರು. ಕಲ್ಯಾಣಮ್ಮ ಕೂಸನ್ನು ತೊಟ್ಟಿಲಿಗೆ ಹಾಕಿ, ಕುರ್ರ್ ಎಂದು, ಕಿವಿಯಲ್ಲಿ "ವಿಜಯಶ್ರೀ" ಎಂದಳು. ಸಾಹೇಬರು ಜೇಬಿನಿಂದ ಪೆನ್ನು ತೆಗೆದು ಜನಸಂಖ್ಯೆಯನ್ನು ತಿದ್ದಿ ಮೂರು ಮಾಡಿದರು.

ಆ ಮೇಲೆ ಎಲ್ಲವೂ ಕ್ರಮಬದ್ಧವಾಗಿಯೇ ನಡೆದಿದೆ. ಅಂಚೆಯವನು ಬಾನೆಟ್ಟಿನ ಮೇಲೆ ಟಪಾಲು ಇಟ್ಟು ಹೋಗುತ್ತಾನೆ. ಪೋಲಿಯೋ ಹನಿಯ ನರ್ಸಬಾಯಿ ಬಂದು ಗ್ರಾಮದ ನೂರಕ್ಕೆ ನೂರು ಮಕ್ಕಳಿಗೆ ಹನಿ ಹಾಕಲಾಗಿದೆ ಎಂದು ವರದಿ ಬರೆದಳು. ಬೀಗರ ಓಣಿಯವರು ಎಮ್ಮೆ ಕಟ್ಟುವ ಮುಂಚೆ ಸರಪಂಚರನ್ನು ಕೇಳುತ್ತಾರೆ.

ಒಂದು ತಿಂಗಳಾದ ಮೇಲೆ ಕಾಶೆಪ್ಪನವರು ಮೆಲ್ಲಗೆ ಕೇಳಿದರು: "ಏನಂತಿ, ಹೊಂಡೂಣೇನ ಇನ್ನ ಉಮರ್ಗಾಕ್ಕ?"

ಕಲ್ಯಾಣಮ್ಮನ ತೊಡೆಯ ಮೇಲೆ ವಿಜಯಶ್ರೀ ಆಕಾಶ ನೋಡುತ್ತ ನಿದ್ದೆಗೆ ಜಾರುತ್ತಿದ್ದಳು.

"ಹ್ಯಾಂಗ ಬರ್ಲಿರೀ? ಸರಕಾರ ಊರ ಇಲ್ಲೇ ತಂದು ಇಟ್ಟದ. ಸರಪಂಚ ಊರ ಬಿಟ್ಟು ಹೋದ್ರ ಮಂದಿ ಏನಂದಾರು?"

ಕಾಶೆಪ್ಪನವರು ವಿಚಾರ ಮಾಡಿ ನೋಡಿದರು. ಮಾತು ಸರಿಯಾಗಿಯೇ ಇತ್ತು. ಕೆಳಗಿಳಿದು ಹಿಂದಿನ ಗಾಲಿಗೆ ಉರುಳದಂತೆ ಒಂದು ಕಲ್ಲು ಕೊಟ್ಟರು.