ತಜಂಕಿನ ಕೊಲೆ ಆರೋಪ

ಜಗಲಿಯಲ್ಲಿ ಕುಳಿತು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದೆ. ಆಟಿ ತಿಂಗಳ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. ಬಟ್ಟೆ ಅರ್ಧ ಒಣಗಿತ್ತು. ಅರ್ಧವಾದರೂ ಒಣಗಿತಲ್ಲ, ದೇವರು ದೊಡ್ಡವನು! ಆಗ ಮುಂಬಯಿಯ ನಾದಿನಿಯ ಫೋನು ಬಂತು.

"ಅತ್ತಿಗೆ, ನಾನು ಉದ್ಯಾವರಕ್ಕೆ ಬಂದು ಮುಟ್ಟಿದೆ. ನಾಳೆ ಅಲ್ಲಿಗೆ ಬರ್ತೇನೆ. ತಜಂಕ್ ವಡೆ ಮಾಡಿಡಿ, ಆಯ್ತಾ?"

"ಅದೊಂದು ದೊಡ್ಡ ಕೆಲಸವಾ? ನಮ್ಮ ಹಿತ್ತಿಲು ತುಂಬ ಅದೇ ಉಂಟು," ಎಂದೆ.

ತಜಂಕ್ ಎಂದರೆ ಚಗತೆ ಸೊಪ್ಪು, ಮಳೆ ಬಿದ್ದರೆ ತಾನಾಗಿ ಹುಟ್ಟುವ ಕಳೆ. ಪ್ರತಿವರ್ಷ ಅತ್ತೆ ಬೆಳಿಗ್ಗೆ ಕೊಯ್ದು ತರುತ್ತಿದ್ದರು, ನಾನು ವಡೆ ತಟ್ಟುತ್ತಿದ್ದೆ. ಈ ಸಲ ಅವರಿಗೆ ಮೊಣಕಾಲು ನೋವು. ಕಳೆ ಕೊಯ್ಯಲು ವಿದ್ವತ್ತು ಬೇಕೇ? ಬುಟ್ಟಿ ಹಿಡಿದು ಹೊರಟೆ.

ಸಂಜೆ ಮುಗಿಯುವ ಹೊತ್ತು. ಮೋಡದ ಅಂಚಿಗೆ ಪುನರ್ಪುಳಿ ಶರಬತ್ತಿನ ಕಡುಗೆಂಪು ಬಣ್ಣ. ಗಾಳಿಯಿಲ್ಲ, ಕಪ್ಪೆಗಳೂ ಇನ್ನೂ ಶುರು ಮಾಡಿರಲಿಲ್ಲ. ತಜಂಕ್ ಗಿಡಗಳೆಲ್ಲ ಎಲೆಗೆ ಎಲೆ ಜೋಡಿಸಿ, ತಲೆ ತಗ್ಗಿಸಿ ನಿಂತಿದ್ದವು. ಇಡೀ ಹಿತ್ತಿಲು ಯಾವುದೋ ಕನಸಿಗೆ ಜಾರಿದ ಹಾಗೆ. ನಾನೂ ಬುಟ್ಟಿ ಮರೆತು ಸುಮ್ಮನೆ ನಿಂತೆ.

ಆಮೇಲೆ ಬುದ್ಧಿ ಬಂತು. ಬಂದದ್ದೇ ತಪ್ಪಾಯಿತು! ಅಯ್ಯೋ, ಗಿಡಗಳೆಲ್ಲ ಬಾಡಿವೆ! ಮಧ್ಯಾಹ್ನವಷ್ಟೇ ಪಕ್ಕದ ಮನೆಯ ಲಿಲ್ಲಿ ಬಾಯಿ ಬೆನ್ನಿಗೆ ಪಂಪು ಕಟ್ಟಿಕೊಂಡು ಬೇಲಿಯ ಹತ್ತಿರ ಏನೋ ಸಿಂಪಡಿಸುತ್ತಿದ್ದರು. ಕಳೆನಾಶಕ! ಅಲ್ಲಿಗೆ ತನಿಖೆ ಸಂಪೂರ್ಣವಾಯಿತು.

ಮೊದಲು ಕುಟುಂಬದ ವಾಟ್ಸಾಪ್ ಗ್ರೂಪಿಗೆ ಶೋಕವಾರ್ತೆ ಕಳುಹಿಸಿದೆ: "ಲಿಲ್ಲಿ ಬಾಯಿ ನಮ್ಮ ತಜಂಕಿಗೆ ವಿಷ ಹಾಕಿದ್ದಾರೆ. ಒಂದೂ ಉಳಿದಿಲ್ಲ." ನಂತರ ಪ್ರಥಮ ಚಿಕಿತ್ಸೆ. ಬಾವಿಯಿಂದ ನೀರು ಸೇದಿ ಕೆಸರಿಗೆ ಸುರಿದೆ. ಸಾಲದೆಂದು, ಕಾಯಿಲೆಯವರಿಗೆಂದು ಜೋಪಾನ ಮಾಡಿಟ್ಟಿದ್ದ ತೀರ್ಥವನ್ನೂ ಚಿಮುಕಿಸಿದೆ. ಕಳೆಗೆ ತೀರ್ಥ! ಮುಗಿಸಿ ತಿರುಗುವಾಗ ಜಾರಿ ಕೆಸರಲ್ಲಿ ಕುಳಿತೆ. ಸೊಂಟ ಮುರಿಯಲಿಲ್ಲ, ಅದೊಂದು ಪುಣ್ಯ.

"ಎಂತ ಮಾರಾಯ್ತಿ, ಮಳೆಗಾಲದಲ್ಲಿ ನೀರು ಬಿಡ್ತಿದ್ದೀಯಾ?" ಎಂದು ಯಜಮಾನರು ಜಗಲಿಯಿಂದ ಕೇಳಿದರು. ಕೆಸರು ಸೀರೆಯಲ್ಲೇ ಲಿಲ್ಲಿ ಬಾಯಿಯ ಅಂಗಳಕ್ಕೆ ನಡೆದೆ.

"ತಿನ್ನುವ ಸೊಪ್ಪಿಗೆ ವಿಷ ಹಾಕಲು ನಿಮಗೆ ಮನಸ್ಸಾದರೂ ಹೇಗೆ ಬಂತು?"

ಅವರ ಮುಖ ಸಣ್ಣದಾಯಿತು. "ನಾನು ಬಿಟ್ಟದ್ದು ನನ್ನ ಮಲ್ಲಿಗೆಗೆ, ಬೇವಿನೆಣ್ಣೆ. ಇಷ್ಟು ವರ್ಷದಲ್ಲಿ ನೀವು ನನ್ನನ್ನು ತಿಳಿದದ್ದು ಇಷ್ಟೇನಾ ವಾರಿಜಕ್ಕ?"

ನನಗೆ ಆಪರೇಷನ್ ಆದಾಗ ಮಣಿಪಾಲದಲ್ಲಿ ನನ್ನ ಮಂಚದ ಪಕ್ಕ ನೆಲದಲ್ಲಿ ಮಲಗಿದವರು ಇದೇ ಲಿಲ್ಲಿ ಬಾಯಿ.

ಕೈ ಹಿಡಿದು ತಮ್ಮ ಹುಣಸೆ ಮರದ ಕೆಳಗೆ ನಿಲ್ಲಿಸಿದರು. "ಮೇಲೆ ನೋಡಿ." ಇಡೀ ಮರ ಎಲೆ ಮಡಚಿ ತೂಕಡಿಸುತ್ತಿತ್ತು.

"ಇದಕ್ಕೂ ನಾನೇ ಹತ್ತಿ ವಿಷ ಹಾಕಿದೆನಾ? ಬೆಳಕು ಹೋದರೆ ಇವು ಎಲೆ ಮಡಚುತ್ತವೆ, ಬೆಳಕು ಬಂದರೆ ಬಿಡಿಸುತ್ತವೆ. ನಿಮ್ಮ ತಜಂಕೂ ಅಷ್ಟೇ, ಮಲಗಿದೆ! ಬೆಳಿಗ್ಗೆ ಎದ್ದ ಮೇಲೆ ಅದನ್ನೇ ಕೇಳಿ, ಕೊಂದದ್ದು ಯಾರು ಅಂತ!"

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲು ಮಲಗುವ ಹೊತ್ತಿಗೆ ಮೊದಲು ಮುಚ್ಚಿದ್ದನ್ನೇ ನಾನು ಕಂಡವಳಲ್ಲ. ನಾಳೆಯೂ ತೆರೆಯದಿದ್ದರೆ? ಮನೆಗೆ ಬಂದರೆ ಗ್ರೂಪಿನಲ್ಲಿ ಯಾರೋ ತಜಂಕಿಗೆ 'ಓಂ ಶಾಂತಿ' ಹಾಕಿದ್ದರು!

ಬೆಳಿಗ್ಗೆ ನೋಡಿದರೆ ಹಿತ್ತಿಲಿಡೀ ಎಲೆ ಬಿಡಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಬೆಳಕಿಗೆ ಮುಖ ಒಡ್ಡಿತ್ತು. ಸೊಪ್ಪು ಕೊಯ್ದು, ಮೊದಲ ಬಾಣಲೆಯ ವಡೆಗಳನ್ನು ದೇವರಿಗೂ ತೋರಿಸದೆ ಬೇಲಿಯಾಚೆ ಒಯ್ದೆ.

"ತಪ್ಪಾಯ್ತು ಲಿಲ್ಲಿ ಬಾಯಿ."

ಅವರು ಒಂದು ವಡೆ ಎತ್ತಿ ಮೂಸಿ ನೋಡಿ, ಎರಡಾಗಿ ಮುರಿದು ಅರ್ಧ ನನ್ನ ಕೈಗೆ ಕೊಟ್ಟರು. "ತಿನ್ನಿ. ವಿಷ ಇದ್ದರೆ ಇಬ್ಬರೂ ಒಟ್ಟಿಗೇ ಹೋಗುವ."

ನನ್ನ ಕಣ್ಣು ತುಂಬಿ ಬಂತು. ಅವರು ಅಗಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಉಪ್ಪು ಹಾಕಲಿಲ್ಲ ಅಲ್ವಾ?"

ಬೆಳಕು ಹೋದಾಗ ಎಲೆ ಮಡಚಬೇಕೆಂದು ಕಳೆಗೂ ತಿಳಿಯುತ್ತದೆ. ನಾಲಿಗೆ ಮಡಚುವ ಹೊತ್ತು ಯಾವುದೆಂದು ನನಗೆ ಈ ವಯಸ್ಸಿಗೂ ತಿಳಿಯದು! ನಾದಿನಿ ಬಂದು ಮುಟ್ಟುವ ಮೊದಲು ಉಳಿದ ಹಿಟ್ಟಿಗೆ ಉಪ್ಪು ಕಲಸಲು ಓಡಿದೆ.