ಮಿರ್ಚಿ ಬೇಕಾದಾಗ ಇಡ್ಲಿ ತಿಂದ ಮಾವ

ನಮ್ಮ ಸೋದರಮಾವನಷ್ಟು ಇಡ್ಲಿ ತಿಂದವರು ಕೊಟ್ಟೂರಿನಲ್ಲಿ ಇನ್ನೊಬ್ಬರಿಲ್ಲ. ಇಡ್ಲಿ ಕಂಡರೆ ಅವನಷ್ಟು ಮುಖ ಸಿಂಡರಿಸುವವರೂ ಇಲ್ಲ! ಮತ್ತೆ ತಿನ್ನುವುದೇಕೆ? ಅವನಿಗೆ ಬೇಕಾದದ್ದು ಮಿರ್ಚಿ ಬಜ್ಜಿ. ಆದರೆ ಮಾವನಿಗೆ ಉಗ್ಗು. 'ಮ' ಬಂತೆಂದರೆ ತುಟಿ ಅಂಟಿಕೊಂಡುಬಿಡುತ್ತದೆ. ಹೋಟೆಲಿನವನು "ಏನ್ ಕೊಡ್ಲಿರಿ?" ಎಂದರೆ ಸಲೀಸಾಗಿ ಹೊರಬೀಳುವುದು ಇಡ್ಲಿ. ಹೀಗೆ ಇಪ್ಪತ್ತು ವರ್ಷ! ಹೋಟೆಲಿನವನೋ, ಇವನು ಇಡ್ಲಿಭಕ್ತನೆಂದು ನಂಬಿ ಒಂದು ಹೆಚ್ಚಿಗೇ ಬಡಿಸುತ್ತಾನೆ.

"ಬೆರಳಿಲೆ ತೋರ್ಸಬಾರ್ದೇನ ಮಾವ?"

"ತೋರ್ಸಾಕ ನನಗೇನ್ ಬಾಯಿಲ್ಲೇನ?"

ಎಮ್ಮೆಯೆದುರು ಮಾತ್ರ ಅವನು ನಿರರ್ಗಳ. "ಮುಂದಕ ಸರಿಲೇ ಮೂಳಿ, ಮೇವಿನ ಮ್ಯಾಲೇ ನಿಂತಿಯಲ್ಲ!" ಎಷ್ಟು 'ಮ' ಎಣಿಸಿ. ಒಂದೂ ಅಂಟಲಿಲ್ಲ!

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ ನನಗೆ ಇದಕ್ಕೊಂದು ಕಾರಣ ಬೇಕಲ್ಲ! ಓದಿದೆ. ಮಾತು ಹೊರಬರುವ ಮೊದಲೇ ಮಿದುಳು ಅದರಲ್ಲಿ ತಪ್ಪು ಹುಡುಕುತ್ತದಂತೆ. ಉಗ್ಗುವವರಲ್ಲಿ ಈ ತಪಾಸಣೆ ಅತಿಯಾಗಿರಬಹುದು ಎನ್ನುವವರಿದ್ದಾರೆ; ಒಪ್ಪದವರೂ ಇದ್ದಾರೆ.

"ಮಾವ, ನಿನ್ನ ತಲ್ಯಾಗ ಒಬ್ಬ ಸೂಪರ್‌ವೈಸರ್ ಅದಾನ. ತಪ್ಪು ಆಗೋಕಿಂತ ಮೊದ್ಲ ಹಿಡಿತಾನ."

"ಹಂಗಾರ ಅವನ್ನ ಹಡಗಲಿಗೆ ವರ್ಗಾ ಮ…ಮಾಡ್ಸವ್ವ!"

ನಗು ನಿಂತದ್ದು ನನ್ನ ನಿಶ್ಚಿತಾರ್ಥದ ದಿನ. ನಮ್ಮಲ್ಲಿ ಹುಡುಗಿಯ ಸೋದರಮಾವ ವೀಳ್ಯದ ತಟ್ಟೆ ಹಿಡಿದು, ಎಲ್ಲರೆದುರು "ಇಂಥವಳನ್ನ ನಿಮಗ ಕೊಟ್ಟೀವಿ" ಎನ್ನಬೇಕು. ಕೊಡಲು ನಾನೇನು ಜೋಳದ ಚೀಲವೇ ಎಂದು ವಾದಿಸಿದ್ದೆ, ಸೋತಿದ್ದೆ. ಮಾವನಿಂದ ಆಗದಿದ್ದರೆ ತಟ್ಟೆ ದೊಡ್ಡಪ್ಪನ ಕೈಗೆ. ಅದರ ಜೊತೆ ಮಾವನ ಜಾಗವೂ. ನನ್ನ ಹೆಸರೋ, ಮಂಜುಳಾ. ನೋಡಿ ಗ್ರಹಚಾರ!

ಮಾವ ಎದ್ದ. "ಮ…"

ತುಟಿ ಅಂಟಿತು.

"ಹುಡುಗಿ ಹೆಸರು ಮರ್ತಾರೇನ್ರಿ?" ಎಂದರು ಬೀಗರ ಕಡೆಯ ಹಿರಿಯರೊಬ್ಬರು. ಯಾರೋ ನಕ್ಕರು. ದೊಡ್ಡಪ್ಪ ತಟ್ಟೆಗೆ ಕೈ ಚಾಚಿಯೇಬಿಟ್ಟ.

"'ನಮ್ ಹುಡುಗಿ' ಅಂದ್ಬಿಡೋ ಅಣ್ಣಾ, ನಡಿತೈತಿ," ಅವ್ವ ಪಿಸುಗುಟ್ಟಿದಳು.

ಇಡ್ಲಿಯಷ್ಟೇ ಸಲೀಸು! ಮಾವ ತಲೆಯಾಡಿಸಿದ: ಒಲ್ಲೆ. ಕುತ್ತಿಗೆಯ ನರ ಉಬ್ಬಿತ್ತು. ನನ್ನ ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿಬಿಡಲೇ? ಯಾರ ಮಾತನ್ನೂ ಪೂರ್ತಿ ಕೇಳಿ ಅಭ್ಯಾಸವಿಲ್ಲದವಳು ಹಲ್ಲು ಕಚ್ಚಿದೆ.

"ದೊಡ್ಡಪ್ಪಾ, ಕೈ ತಗೀರಿ. ಮಾವ ಮಾತಾಡಾಕ ಹತ್ಯಾನ."

ಮನೆ ತುಂಬ ಜನ. ದೊಡ್ಡಪ್ಪ ಕೈ ಹಿಂದಕ್ಕೆಳೆದುಕೊಂಡ.

"ಮ…ಮ… ಮಂಜುಳಾನ್ನ ನಿಮಗ ಕೊಟ್ಟೀವ್ರಿ."

ಬೆವರೊರೆಸಿಕೊಂಡು ಕುಳಿತ. ಇಪ್ಪತ್ತು ವರ್ಷ ಮಿರ್ಚಿಯನ್ನು ಬಿಟ್ಟುಕೊಟ್ಟವನು ನನ್ನ ಹೆಸರನ್ನು ಬಿಟ್ಟುಕೊಡಲಿಲ್ಲ.